ಸೀಮೆಸುಣ್ಣದ ಹನ್ನೊಂದು ಸುತ್ತುಗಳು

ಹಿಂದಿನ ದಿನ ನೆನೆಹಾಕಿದ್ದ ಅವರೆಕಾಳನ್ನು ಒಂದೊಂದಾಗಿ ಹಿತಕಿ ಸಿಪ್ಪೆ ಬೇರೆ, ಬೇಳೆ ಬೇರೆ ಮಾಡುತ್ತ ಕೂತಿದ್ದೆ. ಎದುರಿಗೆ ಅತ್ತೆ, ನಡುವೆ ದೊಡ್ಡ ಪಾತ್ರೆ. ಆಗ ನಮ್ಮ ಯಜಮಾನರ ಫೋನ್ ಬಂತು.

"ಹಸಿರು ಗಾಡಿ ನೋಡೋಕೆ ಇಬ್ಬರು ಬಂದಿದಾರೆ ಕಣೇ. ಷೆಡ್ ಮುಂದೆ ನಿಂತಿದಾರಂತೆ. ನಾನು ಕಲಾಸಿಪಾಳ್ಯದಿಂದ ಈಗ ಹೊರಟೆ. ನೀನು ಹೋಗಿ ಬೀಗ ತೆಗಿ. ಸೀಮೆಸುಣ್ಣದಲ್ಲಿ ಎಲ್ಲಾ ಗುರುತು ಹಾಕಿದೀನಲ್ಲ, ಅದನ್ನ ತೋರಿಸ್ತಿರು, ಅಷ್ಟೇ."

"ಆಯ್ತು ರೀ" ಎಂದೆ. ಫೋನ್ ಇಟ್ಟ ಮೇಲೆ ನೆನಪಾಯಿತು. ಆ ಗುರುತುಗಳನ್ನೆಲ್ಲ ಅಂದು ಬೆಳಿಗ್ಗೆ ನಾನೇ ತೊಳೆದುಹಾಕಿದ್ದೆ.

ಇದು ಅರ್ಥವಾಗಬೇಕಾದರೆ ನಮ್ಮವರ ಹುಚ್ಚಿನ ವಿಷಯ ಹೇಳಬೇಕು. ಮದುವೆಯಾಗಿ ಬಂದಾಗಲೇ ಮನೆಯಲ್ಲಿ ಒಂದು ಹಳೆಯ ಜೀಪಿತ್ತು. ವಾರವೆಲ್ಲ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಕೆಲಸ, ಭಾನುವಾರ ಬಂತೆಂದರೆ ಆ ಜೀಪು ಹತ್ತಿ ಮಾಗಡಿ ಕಡೆಯ ಬಂಡೆ, ಹಳ್ಳ, ಕೆಸರು ಹುಡುಕಿಕೊಂಡು ಹೋಗುತ್ತಿದ್ದರು. ರಸ್ತೆ ಇರುವ ಕಡೆ ಹೋಗುವುದಕ್ಕೆ ಬಸ್ಸು ಸಾಲದೇ ಎನ್ನುವುದು ಅವರ ವಾದ. ಒಮ್ಮೆ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಜೀಪು ಮೂತಿ ಮೇಲೆ ಮಾಡಿ ಬಂಡೆ ಹತ್ತುವಾಗ ನಾನು ಕಣ್ಣುಮುಚ್ಚಿ ಗೊತ್ತಿದ್ದ ದೇವರನ್ನೆಲ್ಲ ಕರೆದೆ. ಮೇಲೆ ಹೋಗಿ ಕಣ್ಣು ಬಿಟ್ಟರೆ ಕೆಳಗೆ ಕೆರೆ, ಸುತ್ತ ಹೊಲ, ಮುಖಕ್ಕೆ ತಣ್ಣನೆಯ ಗಾಳಿ. ನಮ್ಮವರು ಮಗುವಿನ ಹಾಗೆ ನಗುತ್ತಿದ್ದರು. ಆಮೇಲೆ ಕೆಸರು ಮೆತ್ತಿದ ಪ್ಯಾಂಟು ಒಗೆಯುವಾಗ ನಾನು ಗೊಣಗಿದ್ದೇನೆ, ಆದರೆ ಹೋಗಬೇಡಿ ಎಂದು ಹೇಳಿಲ್ಲ.

ಹಳೆಯ ಗಾಡಿ ಕೊಳ್ಳುವವರೆಲ್ಲ ಇವರನ್ನು ಕರೆಯುತ್ತಿದ್ದರು. ಇವರು ಅಂಗಿ ಬಿಚ್ಚಿಟ್ಟು, ಗಾಡಿ ಕೆಳಗೆ ಅಂಗಾತ ಮಲಗಿ, ಇಂಥಲ್ಲಿ ತುಕ್ಕು, ಇಂಥಲ್ಲಿ ಬೆಸುಗೆ ಎಂದು ಹೇಳಿ, ಒಂದು ಕಾಫಿ ಕುಡಿದು ಬರುತ್ತಿದ್ದರು. ಕಾರ್ಖಾನೆ ಬೇರೆ ಊರಿಗೆ ಎತ್ತಂಗಡಿಯಾದಾಗ ನಾನೇ ಹೇಳಿದೆ. "ಪುಕ್ಕಟೆ ಮಾಡ್ತಿದ್ದ ಕೆಲಸಾನೇ ಅಂಗಡಿ ಇಟ್ಟು ಮಾಡಿ ರೀ." ಹಾಗೆ ಶ್ರೀಗಂಧದ ಕಾವಲ್‌ನಲ್ಲಿ, ನಮ್ಮ ಮನೆಯಿಂದ ಎರಡು ರಸ್ತೆ ಆಚೆ, ಒಂದು ಖಾಲಿ ಸೈಟು ಬಾಡಿಗೆಗೆ ಹಿಡಿದು ಶೀಟು ಹೊದಿಸಿ ಹಳೆಯ ಗಾಡಿ ಮಾರುವ ವ್ಯಾಪಾರ ಶುರುವಾಯಿತು. ನಾಲ್ಕು ಗಾಡಿ ತಂದು ನಿಲ್ಲಿಸಿದರು. ನಾಲ್ಕೂ ಹೊಲಕ್ಕಿಳಿದು ಗುಡ್ಡ ಹತ್ತುವಂಥವೇ.

ವ್ಯಾಪಾರದಲ್ಲೂ ಅವರ ಬುದ್ಧಿ ಬದಲಾಗಲಿಲ್ಲ. ಗಾಡಿಯಲ್ಲಿ ಎಲ್ಲೆಲ್ಲಿ ದೋಷವಿದೆಯೋ ಅಲ್ಲೆಲ್ಲ ಸೀಮೆಸುಣ್ಣದಿಂದ ಸುತ್ತು ಹಾಕಿಡುತ್ತಿದ್ದರು. ಹಸಿರು ಗಾಡಿಗೆ ಹನ್ನೊಂದು ಸುತ್ತು. ಬಂದವರು ಸುತ್ತು ನೋಡುವರು, ಹಿಂದೆ ಸರಿಯುವರು. ಒಬ್ಬಾತ ಕೇಳಿಯೇಬಿಟ್ಟ. "ಏನ್ ಸಾರ್, ಗಾಡಿಗೆ ಅಮ್ಮ ಆಗಿದ್ಯಾ? ಬೇವಿನಸೊಪ್ಪು ಕಟ್ಟಿ."

ಮೂರು ತಿಂಗಳಲ್ಲಿ ಒಂದು ಗಾಡಿಯೂ ಹೋಗಲಿಲ್ಲ. ಧನುರ್ಮಾಸ ಹುಟ್ಟಿದರೆ ನಮ್ಮ ಕಡೆ ಯಾರೂ ವಾಹನ ಕೊಳ್ಳುವುದಿಲ್ಲ. ಆ ಒಂದು ತಿಂಗಳು ಷೆಡ್ಡು ನಡೆಸಬೇಕಾದರೆ ತಮ್ಮ ಜೀಪನ್ನೇ ಮಾರುವುದು ಎಂದು ಇವರು ತೀರ್ಮಾನಿಸಿದ್ದರು. ಅದರ ಮೇಲೆ ಬಹಳ ದಿನದಿಂದ ಕಣ್ಣಿಟ್ಟಿದ್ದ ಕೆಂಗೇರಿಯವರೊಬ್ಬರಿಗೆ ಭಾನುವಾರ ಬನ್ನಿ ಎಂದೂ ಹೇಳಿದ್ದರು. ಹೇಳಿ ಬಂದ ದಿನ ಊಟಕ್ಕೆ ಕೂತು ಮೂರು ತುತ್ತಿಗೇ ಎದ್ದರು.

ಈ ಫೋನ್ ಬಂದ ದಿನ ಶುಕ್ರವಾರ, ಧನುರ್ಮಾಸಕ್ಕೆ ನಾಲ್ಕೇ ದಿನ ಉಳಿದಿತ್ತು. ಬೆಳಿಗ್ಗೆಯೇ ಷೆಡ್ಡಿಗೆ ಹೋಗಿ, ತಾಯಿ, ಇವತ್ತಾದರೂ ಕಣ್ಣು ಬಿಡು ಎಂದು ಬೇಡಿಕೊಂಡು, ಪೂಜೆಗೆ ಮೊದಲು ಹಸಿರು ಗಾಡಿಯನ್ನು ಬಕೆಟ್ಟಿನಲ್ಲಿ ನೀರು ತಂದು ಮಜ್ಜನ ಮಾಡಿಸಿದ ಹಾಗೆ ತೊಳೆದೆ. ಒಳಗೂ ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಮೈಲಿಗೆ ಗಾಡಿಗೆ ಅರಿಶಿನ ಕುಂಕುಮ ಇಡುವುದು ಹೇಗೆ? ಭಕ್ತಿಯ ಭರದಲ್ಲಿ ಸುತ್ತುಗಳ ನೆನಪೇ ಬರಲಿಲ್ಲ.

ಈಗ ತಿರುಗಿ ಫೋನ್ ಮಾಡಿದರೆ ಅವರು ಎತ್ತಲಿಲ್ಲ, ಸ್ಕೂಟರ್ ಓಡಿಸುತ್ತಿದ್ದರು. ಅತ್ತೆ ಪಾತ್ರೆಯನ್ನು ತಮ್ಮ ಕಡೆ ಎಳೆದುಕೊಂಡರು. "ನೀನು ಹೋಗಮ್ಮ, ಇದನ್ನ ನಾನು ಮುಗಿಸ್ತೀನಿ."

ಷೆಡ್ಡಿನ ಮುಂದೆ ತಾಯಿ, ಮಗಳು ನಿಂತಿದ್ದರು. ದೀಪಾಂಜಲಿ ನಗರದವರು. ಮಗಳು ದನಗಳ ಡಾಕ್ಟರಂತೆ, ಮಾಗಡಿ ಕಡೆಯ ಹಳ್ಳಿಗಳಿಗೆ ಓಡಾಟ, ಮಳೆಗಾಲದಲ್ಲಿ ಹೂತುಹೋಗುತ್ತದೆಂದು ಸಣ್ಣ ಕಾರನ್ನು ಮಾರಿದ್ದಳಂತೆ. ತಾಯಿ ನಿವೃತ್ತ ಸ್ಕೂಲ್ ಮೇಡಂ. ಬಂದಾಗಿನಿಂದ ಒಂದೇ ರಾಗ.

"ಹೆಣ್ಣುಮಗಳಿಗೆ ಈ ಲಾರಿ ಯಾಕಮ್ಮ? ಇದನ್ನ ಹತ್ತೋಕೆ ನಂಗೆ ಏಣಿ ಬೇಕು."

"ನೀನು ಹತ್ತಬೇಡ ಬಿಡಮ್ಮ, ನಿನ್ನ ಯಾರು ಕರೀತಾರೆ" ಎಂದ ಮಗಳು ಗಾಡಿಯನ್ನು ಒಂದು ಸುತ್ತು ಹಾಕಿ ಬಂದಳು. ಮುಖ ಅರಳಿತ್ತು. "ನೋಡಮ್ಮ, ಎಷ್ಟು ಚೆನ್ನಾಗಿಟ್ಟಿದಾರೆ! ಆಂಟಿ, ಏನಾದ್ರೂ ತೊಂದರೆ ಇದ್ಯಾ ಇದರಲ್ಲಿ?"

ನಂಗೇನು ಗೊತ್ತಮ್ಮ, ಯಜಮಾನರನ್ನ ಕೇಳಿ ಎಂದರೆ ಮುಗಿದಿತ್ತು. ಹೆಂಗಸಿಗೆ ಗಾಡಿ ವಿಷಯ ಗೊತ್ತಿಲ್ಲ ಅಂದರೆ ಯಾರಾದರೂ ನಂಬುತ್ತಾರೆ. ಭಾನುವಾರ ಕೆಂಗೇರಿಯವರು ಬರುವುದು ಕಣ್ಣಮುಂದೆ ಬಂತು, ಜೀಪಿಲ್ಲದೆ ಬರಿದಾದ ಮನೆಯಂಗಳ ಬಂತು. ಆದರೆ ಬಾನೆಟ್ಟಿನ ಮೇಲೆ ನಾನೇ ಇಟ್ಟ ಕುಂಕುಮ ಇನ್ನೂ ಹಸಿಯಾಗಿತ್ತು. ಅದರ ಮುಂದೆ ನಿಂತು ಹೇಗೆ ಹೇಳಲಿ?

"ಇದೆ ಕಣಮ್ಮ" ಎಂದೆ. "ಹನ್ನೊಂದು ಇದೆ. ಬೆಳಿಗ್ಗೆ ಪೂಜೆಗೆ ಅಂತ ತೊಳೆದುಬಿಟ್ಟೆ. ಇರಿ, ಬರೀತೀನಿ."

ಮೇಜಿನ ಖಾನೆಯಲ್ಲಿ ಸೀಮೆಸುಣ್ಣ ಸಿಕ್ಕಿತು. ಅವರು ಸುತ್ತು ಹಾಕುವಾಗ ಟಾರ್ಚು ಹಿಡಿದವಳು ನಾನೇ. ಗುಡಿಯಲ್ಲಿ ಪ್ರದಕ್ಷಿಣೆ ಬಂದ ಹಾಗೆ, ಗಾಡಿಯನ್ನು ಬಲಕ್ಕೆ ಇಟ್ಟುಕೊಂಡು ಮುಂದಿನ ದೀಪದಿಂದ ಶುರುಮಾಡಿದೆ. ದೀಪದ ಕೆಳಗೆ ತುಕ್ಕು. ಒಂದು ಬಾಗಿಲ ಬಣ್ಣ ಉಳಿದದ್ದಕ್ಕಿಂತ ಮಾಸಲು. ಮೆಟ್ಟಿಲ ಪಟ್ಟಿಗೆ ಬೆಸುಗೆ. ಹಿಂದಿನ ಗಾಜಿಗೆ ಕೂದಲೆಳೆಯ ಬಿರುಕು. ಸ್ಟೆಪ್ನಿ ಟೈರು ಸವೆದು ನುಣ್ಣಗಾಗಿದೆ. ನಾನು ಒಂದೊಂದನ್ನೇ ಹೇಳುತ್ತ ಸುತ್ತು ಹಾಕಿದರೆ ಆ ತಾಯಿ ಹಿಂದೆಯೇ ಬಂದು ಬೆರಳು ಮಡಿಸುತ್ತಿದ್ದರು, ಪಾಠ ಒಪ್ಪಿಸಿಕೊಳ್ಳುವ ಹಾಗೆ. ಮತ್ತೆ ಮುಂದಿನ ದೀಪಕ್ಕೆ ಬಂದಾಗ ಹತ್ತಾಗಿತ್ತು.

"ಇನ್ನೊಂದು?" ಎಂದರು.

"ಅದೇ ನೆನಪಾಗ್ತಿಲ್ಲ ಮೇಡಂ."

"ಹತ್ತು ಹೇಳಿದೀರಲ್ಲ, ಸಾಕು ಬಿಡಿ ಆಂಟಿ" ಎಂದಳು ಮಗಳು.

"ಸಾಕು ಅಂದ್ರೆ? ಹನ್ನೊಂದು ಅಂದ್ಮೇಲೆ ಹನ್ನೊಂದು" ಎಂದು ತಾಯಿ ಸೆರಗು ಸಿಕ್ಕಿಸಿದರು. ಅಷ್ಟು ಹೊತ್ತು ಲಾರಿ ಎಂದು ಮೂಗು ಮುರಿದವರು ಈಗ ಬಗ್ಗಿ ಬಗ್ಗಿ ಟೈರಿನ ಸಂದಿ ನೋಡುತ್ತಿದ್ದಾರೆ! ಮಗಳು ಹಳೆಯ ಗೋಣಿಚೀಲ ಹಾಸಿಕೊಂಡು ಸೀದಾ ಗಾಡಿ ಕೆಳಗೆ ನುಗ್ಗಿದಳು. "ಕೊಟ್ಟಿಗೇಲಿ ಇದಕ್ಕಿಂತ ಕೆಟ್ಟ ಜಾಗದಲ್ಲಿ ಮಲಗಿದೀನಿ ಆಂಟಿ, ಟಾರ್ಚ್ ಹಿಡೀರಿ." ನಾನು ಮಂಡಿಯೂರಿ ಟಾರ್ಚು ಹಿಡಿದೆ. ಅಲ್ಲಿ ಎಣ್ಣೆ ಜಿನುಗುವುದು ಮೊದಲೇ ಎಣಿಸಿದ್ದಾಗಿತ್ತು. ಹೊಸದೇನೂ ಸಿಗಲಿಲ್ಲ. ನಾವು ಹಾಗೆ ಹುಡುಕುತ್ತಿರುವಾಗ ಮೇಲಿನಿಂದ ದಬದಬ ಸದ್ದು.

"ಏಯ್! ಬಾಗಿಲು ತೆಗೀರೇ! ಆಗ್ತಾ ಇಲ್ಲ!"

ಏಣಿ ಬೇಕು ಎಂದಿದ್ದ ತಾಯಿ ಯಾವಾಗ ಹಿಂದಿನ ಸೀಟು ಹತ್ತಿದ್ದರೋ, ಬಾಗಿಲು ಮುಚ್ಚಿಕೊಂಡು ಒಳಗೆ ಸಿಕ್ಕಿಬಿದ್ದಿದ್ದರು.

ಸರಿಯಾಗಿ ಆಗ ನಮ್ಮವರ ಸ್ಕೂಟರ್ ಬಂದು ನಿಂತಿತು. ಗಾಡಿ ಕೆಳಗಿನಿಂದ ಎರಡು ಕಾಲು ಚಾಚಿವೆ, ಒಳಗಿನಿಂದ ಹಿರಿಯರೊಬ್ಬರು ಗಾಜು ಬಡಿಯುತ್ತಿದ್ದಾರೆ, ಹೆಂಡತಿ ನೆಲದ ಮೇಲೆ ಮಂಡಿಯೂರಿದ್ದಾಳೆ. ಅವರು ಹೆಲ್ಮೆಟ್ಟನ್ನೂ ತೆಗೆಯಲಿಲ್ಲ.

"ಇದೇನೇ ಇದು?"

"ಹನ್ನೊಂದನೇದು ಯಾವುದು ರೀ?"

"ಹಿಂದಿನ ಬಾಗಿಲು ಒಳಗಿಂದ ತೆಗಿಯಲ್ಲ, ಅದೇ. ಯಾಕೆ?"

ಕೆಳಗಿದ್ದ ಹುಡುಗಿ ನಕ್ಕ ರಭಸಕ್ಕೆ ತಲೆ ಸೈಲೆನ್ಸರಿಗೆ ತಾಗಿತು. ಇವರು ಹೊರಗಿನಿಂದ ಬಾಗಿಲು ತೆಗೆದರು. ಆ ತಾಯಿ ಇಳಿದು, ಸೀರೆಯ ನೆರಿಗೆ ಸರಿಮಾಡಿಕೊಂಡು, ನನ್ನ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡು ಬಾಗಿಲಿನ ಹಿಡಿಗೆ ತಾವೇ ಸುತ್ತು ಹಾಕಿದರು. ಆಮೇಲೆ ಹೇಳಿದರು. "ಮೂರು ಕಡೆ ನೋಡಿ ಬಂದ್ವಿ ಸಾರ್. ಎಲ್ಲಾ ಕಡೆ ಕಣ್ಣು ಮುಚ್ಕೊಂಡು ತಗೊಳ್ಳಿ ಅಂದ್ರು. ಕಣ್ಣು ಮುಚ್ಕೊಂಡು ಯಾಕೆ ತಗೊಬೇಕು ನಾವು? ಇಲ್ಲಾದ್ರೆ ಎಲ್ಲಾನೂ ನೋಡಿದ್ದಾಯ್ತು. ಆ ಬಾಗಿಲೊಂದು ಸರಿಮಾಡಿಕೊಡಿ, ಧನುರ್ಮಾಸಕ್ಕೆ ಮೊದಲೇ ತಗೊಂಡ್ ಹೋಗ್ತೀವಿ. ನಾನೂ ಇದರಲ್ಲಿ ಕೂರೋಳೇ ಅಲ್ವಾ."

"ಯಾರೋ ಏಣಿ ಬೇಕು ಅಂದಿದ್ರು" ಎಂದಳು ಮಗಳು.

"ಸುಮ್ನಿರೇ. ಮೈಯೆಲ್ಲಾ ಗ್ರೀಸು, ಬಸ್ಸಲ್ಲಿ ಯಾರು ಪಕ್ಕ ಕೂರಿಸ್ಕೊತಾರೋ ನಿನ್ನ."

ಸೋಮವಾರ ಒಳ್ಳೆಯ ಗಳಿಗೆ ನೋಡಿ ಬರುವುದೆಂದು ಮಾತಾಯಿತು. ಅವರು ಹೋದ ಮೇಲೆ ಗುರುತು ತೊಳೆದುಹಾಕಿದ್ದನ್ನು ಹೇಳಿದೆ. ನಮ್ಮವರು ಕೇಳಿ ಬಾನೆಟ್ಟಿನ ಮೇಲೆ ಕೈಯಿಟ್ಟರು.

"ನೀನು ಹೇಳದೇ ಇದ್ರೂ ನಾನು ಬೈತಿರಲಿಲ್ಲ ಕಣೇ" ಎಂದರು.

"ನೀವು ಬೈತಿರಲಿಲ್ಲ" ಎಂದೆ, ಕುಂಕುಮದ ಕಡೆ ನೋಡಿ.

ಮನೆಗೆ ಬಂದವರೇ ಅಂಗಳದಲ್ಲಿ ಜೀಪಿಗೆ ಒರಗಿ ಕೆಂಗೇರಿಗೆ ಫೋನ್ ಮಾಡಿದರು. "ಸಾರ್, ಕ್ಷಮಿಸಿ, ಇದನ್ನ ಕೊಡಲ್ಲ. ಇಲ್ಲ ಸಾರ್, ಎಷ್ಟು ಕೊಟ್ರೂ ಇಲ್ಲ. ನಿಮಗೆ ಬೇರೆ ಒಂದು ಹುಡುಕಿಕೊಡ್ತೀನಿ, ಚೆನ್ನಾಗಿರೋದೇ... ದೋಷಾನಾ? ಇರುತ್ತೆ ಸಾರ್, ಸುತ್ತು ಹಾಕಿ ತೋರಿಸ್ತೀನಿ." ಮಾತು ಮುಗಿಸಿ, ಭಾನುವಾರ ಯಾವ ಹಳ್ಳದಲ್ಲಿ ನೀರಿದೆ ಎಂದು ಇನ್ನೊಬ್ಬ ಗೆಳೆಯನಿಗೆ ಫೋನ್ ಹಚ್ಚಿದರು. ಅವರ ದನಿ ಕೇಳಿ ಅತ್ತೆ ಒಳಗಿನಿಂದಲೇ, "ಇವತ್ತು ಹೊಟ್ಟೆ ತುಂಬ ಉಣ್ತಾನೆ, ನಾಲ್ಕು ಮುದ್ದೆ ಜಾಸ್ತಿ ಮಾಡ್ತೀನಿ" ಎಂದರು.

ಅಂಗಳದ ಸಂಪಿನೊಳಗೆ ಕಾವೇರಿ ನೀರು ಬೀಳುವ ಸದ್ದು ಕೇಳಿಸಿತು. ಆ ದಿನ ನೀರು ಹೊತ್ತಿಗೆ ಸರಿಯಾಗಿ ಬಂದಿತ್ತು, ಅದೂ ದೇವರ ದಯೆಯೇ. ನಾನು ಕೈ ಒರೆಸಿಕೊಂಡು, ಮೋಟರ್ ಹಾಕಿ, ಟ್ಯಾಂಕು ತುಂಬುವುದನ್ನು ನೋಡಲು ಮಹಡಿ ಹತ್ತಿದೆ.