ಒಂದೇ ಬಾಕ್ಸು, ಎರಡು ಟೀವಿ

"ಟೀಚರಮ್ಮ, ನಿನ್ನಿ ಅಷ್ಟಕ್ಕ ಯಾಕ ಬಂದ್ ಮಾಡಿದ್ರಿ? ಆ ಹುಡುಗಿ ತಾಳಿ ಕಟ್ಟಿಸಿಕೊಂಡ್ಳೋ ಇಲ್ಲೋ?"

ಹಿಂದಿನ ಭಾನುವಾರ ಬೆಳಿಗ್ಗೆ ಹಿತ್ತಿಲಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಕಾಂಪೌಂಡ್ ಗೋಡೆಯಾಚೆಯಿಂದ ಈ ಪ್ರಶ್ನೆ ಬಂತು. ಕೇಳಿದವರು ಪಕ್ಕದ ಮನೆಯ ಗುರಮ್ಮ ಅತ್ತಿ. ನನ್ನ ಕೈಯಲ್ಲಿದ್ದ ಹಸಿ ಟವೆಲ್ಲು ಕೈಯಲ್ಲೇ ಉಳಿಯಿತು.

ಯಾವ ಹುಡುಗಿ? ಯಾವ ತಾಳಿ? ಗೊತ್ತಿರಲಿಲ್ಲ ಅಂತ ಸುಳ್ಳು ಹೇಳುವುದಿಲ್ಲ. ಶನಿವಾರ ಸಂಜೆ ಎಂಟಕ್ಕೆ ಕಿಟಕಿ ಹಾಕಿ, ಬಾಗಿಲು ಮುಂದೆ ಮಾಡಿ, ಸೌಂಡು ನನಗೇ ಸರಿಯಾಗಿ ಕೇಳದಷ್ಟು ಇಳಿಸಿ, ನಾನೊಬ್ಬಳೇ ನೋಡುತ್ತಿದ್ದ ಸೀರಿಯಲ್ಲಿನ ಹುಡುಗಿ ಅವಳು. ಇನ್ನೇನು ತಾಳಿ ಕಟ್ಟಬೇಕು, ಹೊರಗೆ ನಮ್ಮ ಮನೆಯವರ ಬೈಕಿನ ಸದ್ದು. ಟಪ್ಪಂತ ಆಫ್ ಮಾಡಿದ್ದೆ. ಒಂದು ನರಪಿಳ್ಳೆಗೂ ಗೊತ್ತಿಲ್ಲದ ಈ ಗುಟ್ಟು ಗೋಡೆ ದಾಟಿದ್ದು ಹೇಗೆ?

(ಸೀರಿಯಲ್ ನೋಡುವವರನ್ನು ಇದೇ ಅಂಕಣದಲ್ಲಿ ನಾನು ಎಷ್ಟು ಸಲ ಹಂಗಿಸಿದ್ದೇನೆ ಅಂತ ನಿಮಗೆ ನೆನಪಿರಬಹುದು. ದಯವಿಟ್ಟು ಈಗ ನೆನಪಿಸಿಕೊಳ್ಳಬೇಡಿ.)

ಮೊದಲು ಗುರಮ್ಮ ಅತ್ತಿ ಯಾರು ಅಂತ ಹೇಳಬೇಕು. ಶಹಾಪುರದ ನಮ್ಮ ಓಣಿಗೆಲ್ಲ ಅವರು ಅತ್ತಿ. ಹಗಲೆಲ್ಲ ಇಬ್ಬರು ಹೆಣ್ಣುಮಕ್ಕಳನ್ನು ಜೊತೆಗಿಟ್ಟುಕೊಂಡು ಖಡಕ್ ರೊಟ್ಟಿ ಬಡಿದು ಖಾನಾವಳಿಗಳಿಗೆ ಕಳಿಸುತ್ತಾರೆ. ಬೆಳಿಗ್ಗೆ ಐದಕ್ಕೆ ಹೊತ್ತಿದ ಒಲೆ ಆರುವುದು ಸಂಜೆ ಆರೂವರೆಗೆ. ಏಳರಿಂದ ಏಳೂವರೆ ಮಾತ್ರ ಅತ್ತಿ ಯಾರ ಕೈಗೂ ಸಿಗುವುದಿಲ್ಲ. ಆ ಅರ್ಧ ತಾಸು ಅವರು ಕುಸ್ತಿ ನೋಡುತ್ತಾರೆ.

ಹೌದ್ರಿ, ಕುಸ್ತಿ. ಆ ಅಮೆರಿಕದ ಕುಸ್ತಿ. ಒಬ್ಬೊಬ್ಬರೂ ಕೋಣದಂತಿರುವ ಗಂಡಸರು ಚಡ್ಡಿ ಹಾಕಿಕೊಂಡು ಕುರ್ಚಿ ತಗೊಂಡು ಬಡಿದಾಡುತ್ತಾರಲ್ಲ, ಅದೇ. ಅತ್ತಿಯ ತವರು ಸುರಪುರ. ಅಪ್ಪ ಗರಡಿಮನೆಯ ಉಸ್ತಾದ್. ಗರಡಿಯೊಳಗೆ ಹೆಣ್ಣುಮಕ್ಕಳಿಗೆ ಪ್ರವೇಶವಿಲ್ಲ, ಹಾಗಾಗಿ ಇವರು ಸಣ್ಣವರಿದ್ದಾಗ ಕಿಂಡಿಯಿಂದ ಇಣುಕಿ ಪಟ್ಟುಗಳನ್ನೆಲ್ಲ ಕಲಿತಿದ್ದಾರೆ. ಟೀವಿ ಮುಂದೆ ಕೂತರೆ ಸುಮ್ಮನಿರುವವರಲ್ಲ. "ಎತ್ತಿ ಒಗಿ ಅವನ್ನ! ಏ ಭಾಡ್ಯಾ, ಕಾಲ್ ಹಿಡಿಯೋ, ಕಾಲ್ ಹಿಡಿ!" ನಮ್ಮ ಮನೆಗೆ ಹೊಸದಾಗಿ ಬಂದ ನೆಂಟರು ಪಕ್ಕದಲ್ಲಿ ಹೊಡೆದಾಟ ಅಂತ ಎದ್ದು ನಿಲ್ಲುತ್ತಿದ್ದರು. ನಾವು ಚಹಾದ ಕಪ್ಪು ಕೈಗೆ ಕೊಟ್ಟು ಕೂಡಿಸುತ್ತಿದ್ದೆವು.

ಅತ್ತಿಯ ಟೀವಿಗೆ ವೈರು ನಮ್ಮ ಮನೆಯಿಂದಲೇ. ಹಳೆಯ ಕೇಬಲ್ ಕಾಲದಲ್ಲಿ ಅದೇನು ದೊಡ್ಡ ಮಾತಲ್ಲ. ನಮ್ಮ ಓಣಿಯಲ್ಲಿ ಮೊಸರಿಗೆ ಹೆಪ್ಪು ಕೊಟ್ಟ ಹಾಗೆ ವೈರ್ ಕೊಡುತ್ತಿದ್ದೆವು. ಮಾಳಿಗೆ ಮೇಲೆ ಒಂದು ಕಡೆ ಕತ್ತರಿಸಿ ಇನ್ನೊಂದು ಎಳೆ ಬಿಟ್ಟರೆ ಮುಗಿಯಿತು. ಇಲ್ಲಿ ನಾವು ನ್ಯೂಸ್ ನೋಡಿದರೆ ಅಲ್ಲಿ ಅವರು ಕುಸ್ತಿ. ಅವರ ರಿಮೋಟು ಅವರಿಗೆ, ನಮ್ಮ ರಿಮೋಟು ನಮಗೆ. ಯಾರಿಗೆ ಯಾರ ಹಂಗು?

ಎರಡು ತಿಂಗಳ ಹಿಂದೆ ಒಂದು ಸಂಜೆ ಎರಡೂ ಮನೆಯ ಟೀವಿಯಲ್ಲಿ ಜೋಳ ಚೆಲ್ಲಿದ ಹಾಗೆ ಬರೀ ಚುಕ್ಕಿ. ಕೇಬಲ್ಲಿನ ಮಹಿಬೂಬ ಬಂದು ಫರ್ಮಾನು ಹೊರಡಿಸಿದ. "ಹಳೇದೆಲ್ಲಾ ಬಂದ್ ಆತ್ರಿ. ಇನ್ನ ಮ್ಯಾಲ ಡಿಜಿಟಲ್. ಒಂದ್ ಟೀವಿಗಿ ಒಂದ್ ಬಾಕ್ಸ್ ಬೇಕs ಬೇಕು."

ಅತ್ತಿ ತಮಗೊಂದು ಬಾಕ್ಸ್ ಬರೆಸಲು ಹೊರಟಿದ್ದರು. ತಡೆದವರು ನಮ್ಮ ಮನೆಯವರು. "ಯಾಕತ್ತಿ, ನಮ್ಮ ಬಾಕ್ಸ್ ಬರ್ತದಲ್ಲ? ಮೊದಲ ಹ್ಯಾಂಗ ಕೊಟ್ಟಿದ್ವಿ ಹಂಗ ಕೊಡ್ತೀವಿ, ನೀವ್ ಫಿಕರ್ ಮಾಡಬ್ಯಾಡ್ರಿ." ದಾನಶೂರ ಕರ್ಣನ ಗತ್ತು! ಮಹಿಬೂಬ ತಲೆ ಕೆರೆದುಕೊಂಡನಂತೆ. ಮರುದಿನ ನಮಗೊಂದು ಬಾಕ್ಸ್ ತಂದು, ಅದರ ಹಿಂದೆ ಕೆಂಪು, ಬಿಳಿ, ಹಳದಿ ಪಿನ್ನಿನ ಉದ್ದ ವೈರು ಸಿಕ್ಕಿಸಿ, ಗೋಡೆ ಹಾರಿಸಿ, ಅತ್ತಿಯ ಟೀವಿಗೆ ಜೋಡಿಸಿದನಂತೆ. ನಾನು ಭೀಮರಾಯನಗುಡಿಯ ಶಾಲೆ ಮುಗಿಸಿ ಬರುವಷ್ಟರಲ್ಲಿ ಎರಡೂ ಮನೆಯಲ್ಲಿ ಚಿತ್ರ ಫಳಫಳ ಹೊಳೆಯುತ್ತಿತ್ತು. ಎಲ್ಲರಿಗೂ ಖುಷಿ. ಎರಡೂ ಕಡೆ ಬಂದದ್ದು ಒಂದೇ ಚಿತ್ರ ಅನ್ನುವುದನ್ನು ಮಾತ್ರ ನಾವ್ಯಾರೂ ನೋಡಲಿಲ್ಲ.

ಆ ಭಾನುವಾರ ಟವೆಲ್ಲು ಹಗ್ಗಕ್ಕೆ ಎಸೆದು ಅತ್ತಿಯ ಮನೆಗೆ ಓಡಿದೆ. ಪಡಸಾಲೆಯ ಮೂಲೆಯಲ್ಲಿ ಟೀವಿ ನಡೆದಿತ್ತು. ನಮ್ಮ ಮನೆಯವರು ಹಚ್ಚಿಟ್ಟಿದ್ದ ನ್ಯೂಸು ಅಲ್ಲಿಯೂ ಒದರುತ್ತಿತ್ತು. ಅತ್ತಿಯ ರಿಮೋಟು ತೆಗೆದುಕೊಂಡು ಒತ್ತಿದೆ, ಒತ್ತಿದೆ. ಆಂಕರ್ ಜಾಗ ಬಿಟ್ಟು ಕದಲಲಿಲ್ಲ.

"ಅದು ಸೌಂಡಿಗಷ್ಟs ರೀ," ಅಂದರು ಅತ್ತಿ. "ನೀವ್ ಅಲ್ಲಿ ಏನ್ ಹಚ್ತೀರಿ, ಅದs ಇಲ್ಲಿ ಬರ್ತದ."

"ಯಾವಾಗಿಂದ?"

"ಬಾಕ್ಸ್ ಬಂದಾಗಿಂದ."

"ಎರಡ್ ತಿಂಗಳಾತಲ್ಲ ಅತ್ತಿ! ಒಂದ್ ಮಾತ್ ಹೇಳಬಾರದೇನ್ರಿ?"

"ಏನಂತ ಹೇಳಲಿ? ವೈರ್ ಕೊಟ್ಟೀರಿ. ಮ್ಯಾಲ ಅದ್ ಹಚ್ಚು, ಇದ್ ಹಚ್ಚು ಅಂತ ಹುಕುಂ ಬ್ಯಾರೆ ಮಾಡ್ಲೇನು?"

ಏಳಕ್ಕೆ ನಮ್ಮ ಮನೆಯವರ ನ್ಯೂಸು. ಏಳಕ್ಕೆ ಅತ್ತಿಯ ಕುಸ್ತಿ. ಅಂದರೆ ಎರಡು ತಿಂಗಳಿಂದ ಅತ್ತಿಗೆ ಕುಸ್ತಿಯಿಲ್ಲ. ಯಾವ ಮನುಷ್ಯರಿಗಾದರೂ ಈ ಲೆಕ್ಕ ತಕ್ಷಣ ಹೊಳೆಯಬೇಕು, ಅಯ್ಯೋ ಅನಿಸಬೇಕು. ನನಗೆ ಅನಿಸಿದ್ದೇನು ಗೊತ್ತೆ? ಅಯ್ಯೋ, ನಾನು ಏನೇನು ನೋಡಿದೆ ಈ ಎರಡು ತಿಂಗಳು! ಸೀರಿಯಲ್ಲಂತೂ ಆಯಿತು. ಕಡಲೆಹಿಟ್ಟು ಹಚ್ಚಿಕೊಂಡು ಬೆಳ್ಳಗಾಗುವ ಕಾರ್ಯಕ್ರಮ. ದಿನಭವಿಷ್ಯ (ನನ್ನ ರಾಶಿ ಬರುವವರೆಗೆ). ಸ್ವಾಮಿಯೊಬ್ಬರು ಮನೆಯ ಬಾಗಿಲು ಯಾವ ದಿಕ್ಕಿಗಿರಬೇಕು ಅಂತ ಹೇಳುವುದು. ಶಾಲೆಯಲ್ಲಿ ವೈಜ್ಞಾನಿಕ ಮನೋಭಾವದ ಪಾಠ ಮಾಡುವವಳು ನಾನು. ನನ್ನ ಮಾನ ದಿನಾ ಎಂಟು ಗಂಟೆಗೆ ಗೋಡೆಯಾಚೆ ನೇರಪ್ರಸಾರ ಆಗಿದೆ!

ಸೋಮವಾರದಿಂದ ನಾನು ಸುಧಾರಿಸಿದೆ. ನಮ್ಮವರು ಎಂಟಕ್ಕೆ ಚಹಾದಂಗಡಿಗೆ ಹೋದ ಕೂಡಲೇ ಪ್ರವಚನ ಹಚ್ಚಿ, ಬೆನ್ನು ನೆಟ್ಟಗೆ ಮಾಡಿ ಕೂತೆ. ಹತ್ತು ನಿಮಿಷವೂ ಆಗಿರಲಿಲ್ಲ, ಗೋಡೆಯಾಚೆಯಿಂದ ದನಿ.

"ಟೀಚರಮ್ಮ, ಮೈಯಾಗ ಆರಾಮ ಇಲ್ಲೇನ್ರಿ?"

ಮಂಗಳವಾರ ಇಂಗ್ಲಿಷ್ ಡಾಕ್ಯುಮೆಂಟರಿ. ಹಿಮದ ಮೇಲೆ ಪೆಂಗ್ವಿನ್ನುಗಳು. ಅತ್ತಿ ಕಾಲು ತಾಸು ತಡೆದುಕೊಂಡರು. "ಟೀಚರಮ್ಮ, ಈ ಬಾತುಕೋಳಿ ಇನ್ನಾ ಎಷ್ಟೊತ್ತು ಹಿಂಗs ನಿಂದರ್ತಾವ್ರಿ?" ನನಗೂ ಅದೇ ಪ್ರಶ್ನೆ ಇತ್ತು.

ನಮ್ಮ ಮನೆಯವರ ಗತಿಯೂ ಬೇರೆಯಲ್ಲ. ಅವರ ಮೆಚ್ಚಿನ ಆಂಕರ್ ಬಗ್ಗೆ ಅತ್ತಿ ಗೋಡೆ ಮೇಲಿಂದ ಕೇಳಿದರು. "ಆ ಕೋಟಿನವ ಯಾಕ ಹಂಗ ಒದರ್ತಾನ್ರಿ? ಪಾಪ, ಮನ್ಯಾಗ ಯಾರೂ ಮಾತಾಡ್ಸೂದಿಲ್ಲೇನು?" ಇವರ ಮುಖ ಬದನೆಕಾಯಿ ಸುಟ್ಟ ಹಾಗಾಯಿತು. ನಾನು ಅಡುಗೆಮನೆಗೆ ಹೋಗಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕೆ.

ಬುಧವಾರ ಸಂಜೆ ನನ್ನ ತಾಳ್ಮೆ ಮುಗಿಯಿತು. ಮೂರು ದಿನದಿಂದ ಆ ಹುಡುಗಿಯ ಲಗ್ನ ಏನಾಯಿತೋ ಏನೋ. ಅನ್ನ ಸೇರುತ್ತಿಲ್ಲ. ಇತ್ತ ಅತ್ತಿಯ ಕಣ್ಣು. ನಾನು ಬಾಕ್ಸಿನ ಹಿಂದೆ ಕೈಹಾಕಿದೆ. ಕೆಂಪು, ಬಿಳಿ, ಹಳದಿ, ಮೂರೂ ಪಿನ್ನು ಕಿತ್ತೆ.

ಹೌದು, ಕಿತ್ತೆ. ನಮ್ಮವರಿಗೆ ಜ್ವರ ಬಂದಾಗ ಮೂರು ದಿನ ಗಂಜಿ ಮಾಡಿ ಕಳಿಸಿದ ಮನೆಯ ವೈರು ಕಿತ್ತೆ. ಬೈಯುವವರು ಬೈಯಬಹುದು, ನಾನು ಬೇಡ ಅನ್ನುವುದಿಲ್ಲ.

ಸೀರಿಯಲ್ ಹಚ್ಚಿ, ಕಾಲು ಚಾಚಿ, ಹಾಯಾಗಿ ಕೂತೆ. ಐದು ನಿಮಿಷ. ಬಾಗಿಲು ಸರಿಯಿತು.

"ಟೀಚರಮ್ಮ, ಅದೀರೇನ್ರಿ? ನಮ್ಮ ಟೀವಿ ಬಂದ್ ಬಿತ್ತು. ನಿಮ್ದೂ ಕೆಟ್ಟಿರಬೇಕು, ಬ್ಯಾಸರಾಗಿ ಕುಂತಿರ್ತಾರಂತ ಪುಂಡಿಪಲ್ಯ ತಂದೇನಿ."

ಅತ್ತಿಯ ಕೈಯಲ್ಲಿ ತಾಟು, ಅದರಲ್ಲಿ ಬಿಸಿ ರೊಟ್ಟಿ, ಪುಂಡಿಪಲ್ಯ. ಎದುರಿಗೆ ಜಗಮಗ ಉರಿಯುವ ನನ್ನ ಟೀವಿ. ನೆಲದ ಮೇಲೆ ಮೂರು ಪಿನ್ನಿನ ವೈರು. ಅತ್ತಿ ಟೀವಿ ನೋಡಿದರು. ವೈರು ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಇಲಿ ಅತ್ತಿ," ಅಂದೆ. "ಇಲಿ ಭಾಳ ಆಗ್ಯಾವು."

(ಬಣ್ಣ ನೋಡಿ ನೋಡಿ ಪಿನ್ನು ಕೀಳುವ ಇಲಿ!)

ಅತ್ತಿ ತಾಟು ಕೆಳಗಿಟ್ಟರು. ನನ್ನ ಪಕ್ಕದಲ್ಲೇ ಕೂತರು. "ಹೌದ್ರಿ. ನಮ್ಮ ಶಹಾಪುರದ ಇಲಿ ಭಾಳ ಶಾಣ್ಯಾ ಇರ್ತಾವು," ಅಂದರು. ಆಮೇಲೆ ಟೀವಿ ಕಡೆ ತಿರುಗಿ, "ತಾಳಿ ಕಟ್ಟಿದನೇನು?"

ಬೈದಿದ್ದರೆ ಚೆನ್ನಾಗಿತ್ತು. ಜಗಳಕ್ಕೆ ನಾನು ತಯಾರಿದ್ದೆ, ಜಗಳದಲ್ಲಿ ನನ್ನನ್ನು ಸೋಲಿಸುವವರು ಈ ತಾಲೂಕಿನಲ್ಲಿ ಕಡಿಮೆ. ಇದಕ್ಕೆ ತಯಾರಿರಲಿಲ್ಲ. ಸೀರಿಯಲ್ಲು ಮುಗಿಯುವವರೆಗೆ ಇಬ್ಬರೂ ನೋಡಿದೆವು. ಅಂದರೆ, ಅವರು ನೋಡಿದರು, ನಾನು ರೊಟ್ಟಿ ಮುರಿಯುತ್ತ ಕೂತೆ. ಆಮೇಲೆ ಭಾನುವಾರವೇ ಕೇಳಬೇಕಿದ್ದ ಮಾತು ಕೇಳಿದೆ.

"ಅತ್ತಿ, ನಿಮ್ಮ ಕುಸ್ತಿ?"

"ಅದಾ? ಬಿಡ್ರಿ." ತಾಟು ನನ್ನ ಕಡೆ ಸರಿಸಿದರು. "ಆ ಉದ್ದ ಕೂದಲಿನವ ಅದಾನಲ್ಲ, ಅವನ ಭುಜ ಮುರದಿತ್ತು. ಮತ್ತ ಕಣಕ್ಕಿಳದಾನೋ ಇಲ್ಲೋ. ಯಾರಿಗಿ ಕೇಳ್ಲಿ? ರೊಟ್ಟಿ ಬಡಿಯೋವಾಗ ಒಮ್ಮೊಮ್ಮಿ ನೆನಪಾಗ್ತದ."

ಎರಡು ತಿಂಗಳಿಂದ ಆ ಕೂಗಾಟ ಕೇಳಿಸಿರಲಿಲ್ಲ. ನಾನೇನು ಮಾಡಿದ್ದೆ? "ಅತ್ತಿ ಈಗೀಗ ಸುಮ್ಮಗಾಗ್ಯಾರ, ಓಣಿ ತಣ್ಣಗಾಗ್ಯಾದ" ಅಂತ ಮನೆಯವರ ಹತ್ತಿರ ಸಂತೋಷಪಟ್ಟಿದ್ದೆ.

ಅವರು ಹೋದ ಮೇಲೆ ಮಹಿಬೂಬನಿಗೆ ಫೋನ್ ಹಚ್ಚಿದೆ. ಅತ್ತಿಗೊಂದು ಬಾಕ್ಸ್ ಬೇಕು, ನಾಳೆಯೇ ಬೇಕು. "ಮಾಲ್ ಖಲಾಸ್ ಆಗ್ಯಾದ್ರಿ ಅಕ್ಕೋರ. ಯಾದಗಿರಿಯಿಂದ ಬಂದ ಕೂಡಲೆ ಮೊದಲ್ ನಿಮಗs." ಯಾವಾಗ ಬರುತ್ತದೆ ಅಂದರೆ ಅದು ಅವನಿಗೂ ಗೊತ್ತಿಲ್ಲ.

ಸರಿ. ಹಾಗಾದರೆ ಇರುವ ಬಾಕ್ಸೇ ಅತ್ತಿಯ ಮನೆಯಲ್ಲಿ ಕೂರಲಿ, ವೈರು ಉಲ್ಟಾ ಬರಲಿ. ನಮ್ಮ ಮನೆಯವರು ಹೌಹಾರಿದರು. "ಮತ್ತ ನನ್ನ ನ್ಯೂಸ್?"

"ನೀವು ನೋಡಲಿಲ್ಲಂದ್ರ ಸರಕಾರ ಏನ್ ಬೀಳೂದಿಲ್ರಿ."

ಗುರುವಾರ ಮಹಿಬೂಬ ನಗುನಗುತ್ತ ವೈರು ತಿರುಗಿಸಿದ. ಅತ್ತಿ "ಬ್ಯಾಡ್ರಿ, ಬ್ಯಾಡ್ರಿ" ಅನ್ನುತ್ತಲೇ ಇದ್ದರು. ನಾನು ಕೇಳಲಿಲ್ಲ. ಕಸೂತಿ ಹಾಕಿದ ಬಟ್ಟೆ ಹಾಸಿ ಅದರ ಮೇಲೆ ಬಾಕ್ಸ್ ಇಟ್ಟು, ರಿಮೋಟು ಅವರ ಕೈಗೆ ಕೊಟ್ಟು ಬಂದೆ.

ಸಂಜೆ ಏಳು. ಗಂಡ ಹೆಂಡತಿ ಇಬ್ಬರೂ ಕರ್ರಗಿನ ಟೀವಿ ಮುಂದೆ ಕೂತಿದ್ದೇವೆ. ನಮ್ಮ ರಿಮೋಟು ಇನ್ನು ಸೌಂಡಿಗಷ್ಟೇ. ಇಷ್ಟು ದಿನ ಅತ್ತಿಗೆ ಹೇಗಿತ್ತು ಅಂತ ಆ ಐದು ನಿಮಿಷದಲ್ಲಿ ಗೊತ್ತಾಯಿತು. ಇನ್ನೂರು ಚಾನೆಲ್ ಗೋಡೆಯಾಚೆ ಇದ್ದು ಏನು ಮಾಡುವುದು? ಏನು ಬಂದರೆ ಅದು. ಹಾಳಾಗಲಿ, ಕುಸ್ತಿ ನೋಡೋಣ ಅಂತ ಮನಸ್ಸು ಗಟ್ಟಿ ಮಾಡಿಕೊಂಡೆ.

ಆಗ ಗೋಡೆಯಾಚೆಯಿಂದ ದನಿ ಬಂತು.

"ಟೀಚರಮ್ಮ, ಏನ್ ಹಚ್ಚಲಿ?"

ಎದ್ದು ಕಿಟಕಿಗೆ ಹೋಗಿ ಓಣಿಗೆಲ್ಲ ಕೇಳುವಂತೆ ಕೂಗಿದೆ. "ಕುಸ್ತಿ ಹಚ್ರಿ ಅತ್ತಿ!"

ಉದ್ದ ಕೂದಲಿನವನು ಕಣಕ್ಕಿಳಿದಿದ್ದ. ಭುಜಕ್ಕೆ ಪಟ್ಟಿ ಕಟ್ಟಿಕೊಂಡಿದ್ದ. ಗೋಡೆಯಾಚೆ ಅತ್ತಿಯ ಗಂಟಲು ಎರಡು ತಿಂಗಳ ಬಾಕಿಯನ್ನೆಲ್ಲ ತೀರಿಸಿತು. ಏಳೂ ಕಾಲಿಗೆ ನೋಡಿದರೆ ನಮ್ಮ ಮನೆಯವರೂ ಎದ್ದು ನಿಂತು "ಕಾಲ್ ಹಿಡಿಯೋ!" ಅನ್ನುತ್ತಿದ್ದರು. ಅಂದು ಚಹಾದಂಗಡಿಯೂ ನೆನಪಾಗಲಿಲ್ಲ ಅವರಿಗೆ.

ಎಂಟಕ್ಕೆ ಮತ್ತೆ ದನಿ. "ಟೀಚರಮ್ಮ, ಈಗ ನಿಮ್ಮ ಹುಡುಗೀನ ಹಚ್ಚಲೇನು?"

"ಯಾವ ಹುಡುಗಿ?" ಅಂದರು ನಮ್ಮ ಮನೆಯವರು ನನ್ನ ಮುಖ ನೋಡುತ್ತ. ಹೇಳಿದೆ. ಇನ್ನೇನು ಮುಚ್ಚಿಡುವುದು? ನಿಮಗೂ ಹೇಳಿಯಾಯಿತು.

ಹೊಸ ಬಾಕ್ಸು ಇನ್ನೂ ಯಾದಗಿರಿ ಬಿಟ್ಟಿಲ್ಲ. ಶುಕ್ರವಾರವೂ ಅತ್ತಿ "ಏನ್ ಹಚ್ಚಲಿ?" ಅಂತ ಕೇಳಿದರು, ಶನಿವಾರವೂ ಕೇಳಿದರು. ನಿನ್ನೆಯಂತೂ "ಪಾಪ, ಅವರಿಗಿ ಜರಾ ನ್ಯೂಸ್ ಹಚ್ಚಲೇನು?" ಅಂತ ತಮ್ಮ ಅರ್ಧ ತಾಸಿನಲ್ಲೇ ಹತ್ತು ನಿಮಿಷ ಬಿಟ್ಟುಕೊಡಲು ಬಂದರು.

ಎರಡು ತಿಂಗಳು ರಿಮೋಟು ನಮ್ಮ ಮನೆಯಲ್ಲಿತ್ತು, "ಏನ್ ಹಚ್ಚಲಿ ಅತ್ತಿ?" ಅಂತ ಒಮ್ಮೆ ಕೇಳಲು ನಮಗೇನಾಗಿತ್ತು ಧಾಡಿ?