ಹೂಲಿಯ ಯಲ್ಲವ್ವಂದಿರು ಮತ್ತು ನಮ್ಮ ಅಕ್ಕೋರು

ಅವರ ಬಲಗೈಯ ತೋರುಬೆರಳು ಎರಡನೆಯ ಗೆಣ್ಣಿಗೇ ಮುಗಿದುಹೋಗುತ್ತಿತ್ತು. ತುದಿ ಬೋಳಾಗಿ, ನುಣ್ಣಗೆ, ತುಸು ಹೊಳೆಯುತ್ತಿತ್ತು. ಆ ಮೋಟು ಬೆರಳನ್ನೂ ಸೇರಿಸಿಕೊಂಡು ಅವರು ಕೀಬೋರ್ಡಿನ ಮೇಲೆ ಹೊಡೆಯುವ ವೇಗ ನೋಡಿ ಮೊದಲ ದಿನ ನಾನು ಬಾಯಿ ತೆರೆದುಕೊಂಡು ನಿಂತಿದ್ದೆ. "ನೋಡೂದ ಮುಗೀತಂದ್ರ ಕುಂಡ್ರು, ಕೆಲಸ ಸುರು ಮಾಡೂಣು" ಎಂದರು. ಅವರು ನನ್ನೊಂದಿಗೆ ಆಡಿದ ಮೊದಲ ಮಾತು ಅದು.

ಕಲಿಸುವ ಹೆಣ್ಣುಮಕ್ಕಳನ್ನು ನಮ್ಮ ಕಡೆ ಅಕ್ಕೋರು ಎನ್ನುತ್ತೇವೆ. ನನಗೂ ಅವರು ಅಕ್ಕೋರೇ. ಬೈಲಹೊಂಗಲದ ಬಸ್‌ಸ್ಟ್ಯಾಂಡಿನ ಹತ್ತಿರ, ಗೊಬ್ಬರದ ಅಂಗಡಿಯ ಮೇಲಿನ ಮಹಡಿಯಲ್ಲಿ ಅವರ ಕ್ಲಾಸು. ಹುಟ್ಟಿದ್ದು ರಾಮದುರ್ಗದ ನೇಕಾರರ ಮನೆಯಲ್ಲಿ. ಹದಿನಾರನೆಯ ವಯಸ್ಸಿನಲ್ಲಿ ಪವರ್‌ಲೂಮಿಗೆ ಬೆರಳು ಕೊಟ್ಟರು. ಬೆರಳು ಹೋದದ್ದಕ್ಕೆ ಗೊತ್ತಾಗಿದ್ದ ಮದುವೆ ಮುರಿಯಿತು. ಆ ವಿಷಯ ಯಾರಾದರೂ ತೆಗೆದರೆ, "ಬೆರಳ ಹೋತು, ಅದರ ಕೂಡ ಒಂದ ಪೀಡಾನೂ ಹೋತು" ಎಂದು ನಗುತ್ತಿದ್ದರು. ಬೆರಳಿಲ್ಲದವಳು ಟೈಪಿಂಗ್ ಹೇಗೆ ಕಲಿಯುತ್ತಾಳೆ ಎಂದವರ ಎದುರಿಗೇ ಟೈಪಿಂಗ್ ಕಲಿತು, ಕಲಿಸಿ, ಟೈಪರೈಟರಿನ ಕಾಲ ಮುಗಿದಾಗ ನಲವತ್ತು ದಾಟಿದ ಮೇಲೆ ಪುಸ್ತಕ ತಂದಿಟ್ಟುಕೊಂಡು ಪ್ರೋಗ್ರಾಂ ಬರೆಯುವುದನ್ನೂ ತಾವೇ ಕಲಿತಿದ್ದರು.

ಮಾತು ಮಾತ್ರ ಮೆಣಸಿನಕಾಯಿ. ಕಾಗದ ಹಾರುತ್ತವೆ ಎಂದು ಏಪ್ರಿಲ್ ತಿಂಗಳಲ್ಲೂ ಫ್ಯಾನ್ ಹಚ್ಚಲು ಬಿಡುತ್ತಿರಲಿಲ್ಲ. ಕ್ಲಾಸಿಗೆ ಬರದೇ ಸರ್ಟಿಫಿಕೇಟ್ ಮಾತ್ರ ಕೇಳಿಕೊಂಡು ಬರುವವರು ತಿಂಗಳಿಗೆ ನಾಲ್ಕಾರು ಮಂದಿ ಇರುತ್ತಿದ್ದರು. ಅವರಲ್ಲಿ ಊರಿನ ದೊಡ್ಡವರ ಮಕ್ಕಳೂ ಇದ್ದರು. "ಕಾಗದ ಅಷ್ಟ ಬೇಕಂದ್ರ ಪ್ರಿಂಟಿಂಗ್ ಪ್ರೆಸ್ ಕೆಳಗಿನ ಓಣ್ಯಾಗ ಐತ್ರಿ, ಅಲ್ಲಿ ಹೋಗ್ರಿ" ಎಂದು ಮೆಟ್ಟಿಲಿನಿಂದಲೇ ತಿರುಗಿಸಿ ಕಳಿಸುತ್ತಿದ್ದರು. ಇದರಿಂದ ಅವರಿಗೆ ಊರಿನಲ್ಲಿ ಒಳ್ಳೆಯ ಹೆಸರೇನೂ ಬರಲಿಲ್ಲ.

ಕಲಿಸುವ ರೀತಿಯೂ ಹಾಗೆಯೇ, ಮೊಂಡು. ಕಂಪ್ಯೂಟರ್ ಮುಟ್ಟುವ ಮೊದಲು ಪ್ರೋಗ್ರಾಂ ಪೂರ್ತಿ ಕಾಗದದ ಮೇಲೆ ಬರೆಯಬೇಕು, ಗಟ್ಟಿಯಾಗಿ ಓದಿ ಹೇಳಬೇಕು. ತಪ್ಪಿದರೆ ತಪ್ಪಿದ ಸಾಲನ್ನಷ್ಟೇ ತಿದ್ದುವ ಹಾಗಿಲ್ಲ. ಅಲ್ಲಿಂದ ಮುಂದಿನದೆಲ್ಲ ಹೊಡೆದುಹಾಕಿ ಮತ್ತೆ ಬರೆಯಬೇಕು. ಮಗ್ಗದ ಮೇಲೆ ಎಳೆ ತಪ್ಪಿದ್ದು ಗೊತ್ತಾದರೆ ಅಲ್ಲಿಯ ತನಕ ನೇಯ್ದದ್ದನ್ನು ಬಿಚ್ಚುತ್ತಾರಂತೆ. ನಾವು ಎಷ್ಟು ಗೋಗರೆದರೂ ಅವರದು ಒಂದೇ ಉತ್ತರ: "ಎಲ್ಲಿ ತಪ್ಪೀದಿ, ಅಲ್ಲಿತನಕ ಬಿಚ್ಚು." ಮೂರು ಪುಟ ಬರೆದು ಮುಗಿಸಿದ ಮೇಲೆ ಆ ಮಾತು ಕೇಳಿದರೆ ಅವರ ಮೇಲೆ ಎಂಥ ಸಿಟ್ಟು ಬರುತ್ತಿತ್ತೆಂದರೆ, ನಾಳೆಯಿಂದ ಬರುವುದಿಲ್ಲ ಎಂದು ಮೆಟ್ಟಿಲಿಳಿದು, ಮರುದಿನ ಎಲ್ಲರಿಗಿಂತ ಮೊದಲು ಹೋಗಿ ಕೂತಿರುತ್ತಿದ್ದೆ.

ನನ್ನದು ಕನ್ನಡ ಮಾಧ್ಯಮ, ಬಿ.ಕಾಂ. ಅಪ್ಪನದು ಹಿಟ್ಟಿನ ಗಿರಣಿ. ಜೋಳ ಬೀಸಿಸಲು ಬಂದವರು ಹಿಟ್ಟಿನ ಜೊತೆಗೆ ನನ್ನ ಹಣೆಬರಹವನ್ನೂ ಬೀಸಿ ಹೋಗುತ್ತಿದ್ದರು. "ಇಂಜಿನಿಯರಿಂಗ್ ಇಲ್ಲ, ಇಂಗ್ಲಿಷ್ ಇಲ್ಲ, ಬೆಂಗಳೂರಿಗೂ ಹೋಗಾಕಿ ಅಲ್ಲ, ಈಕೀಗೆ ಎಲ್ಲೀದ್ರಿ ಕಂಪ್ಯೂಟರ್ ಲೈನ್?" ಒಂದು ಸಲ ಇದನ್ನು ಅಕ್ಕೋರ ಮುಂದೆ ಹೇಳಿ ಅತ್ತೆ. "ಅವರ ಹಿಟ್ಟ ಅವರಿಗೆ ಕೊಟ್ಟ ಕಳಿಸು. ಅವರ ಮಾತ ಯಾಕ ಮನೀಗೆ ತಂದಿ?" ಎಂದು ನನ್ನ ಮುಂದೆ ಬಿಳಿ ಹಾಳೆ ಇಟ್ಟರು. ಎರಡು ವರ್ಷ ಬರೆದೆ, ಬಿಚ್ಚಿದೆ, ಮತ್ತೆ ಬರೆದೆ. ಕೊನೆಗೆ ಬೆಳಗಾವಿಯ ಒಂದು ಸಣ್ಣ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಆರು ತಿಂಗಳು ನೋಡಿ ಕಾಯಂ ಮಾಡುತ್ತೇವೆ ಎಂದರು. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಗಿರಣಿಯ ಮುಂದೆ ಕೊರಳಲ್ಲಿ ಗುರುತಿನ ಕಾರ್ಡು ಹಾಕಿಕೊಂಡೇ ಹಾಯುತ್ತಿದ್ದೆ. ಬೇಕೆಂದೇ ಹಾಗೆ ಮಾಡುತ್ತಿದ್ದೆ.

ಐದನೆಯ ತಿಂಗಳಲ್ಲಿ ನನಗೊಂದು ಸ್ವಂತ ಕೆಲಸ ಕೊಟ್ಟರು. ಹಳ್ಳಿಗಳಲ್ಲಿ ವಯಸ್ಸಾದವರಿಗೆ ಪುಕ್ಕಟೆ ಕಣ್ಣಿನ ಆಪರೇಷನ್ ಮಾಡಿಸುವ ಒಂದು ಆಸ್ಪತ್ರೆ ನಮ್ಮ ಗಿರಾಕಿ. ಊರೂರಿನಲ್ಲಿ ಬರೆದುಕೊಂಡು ಬಂದ ಹೆಸರುಗಳನ್ನೆಲ್ಲ ಕೂಡಿಸಿ ಒಂದೇ ಪಟ್ಟಿ ಮಾಡಬೇಕು, ಒಬ್ಬರ ಹೆಸರು ಎರಡು ಸಲ ಬರಬಾರದು. ನಾನು ಪ್ರೋಗ್ರಾಂ ಬರೆದೆ. ಹೆಸರು, ಊರು, ವಯಸ್ಸು, ಫೋನ್ ನಂಬರು ನಾಲ್ಕೂ ಒಂದೇ ಇದ್ದರೆ ಅದು ಒಬ್ಬರೇ, ಉಳಿದದ್ದನ್ನು ಅಳಿಸು. ಪಟ್ಟಿ ಎಷ್ಟು ಚಿಕ್ಕದಾಯಿತೆಂದರೆ ಮ್ಯಾನೇಜರು ಎಲ್ಲರ ಮುಂದೆ ನನ್ನನ್ನು ಹೊಗಳಿದರು.

ಒಂದು ತಿಂಗಳ ನಂತರ ಸಂಜೆ ಬಸ್ಸಿಳಿದು ಬರುವಾಗ ಅಕ್ಕೋರು ಮಹಡಿಯಿಂದ ಕೈಮಾಡಿ ಕರೆದರು. ಬೆಂಚಿನ ಮೇಲೆ ಒಬ್ಬ ಅಜ್ಜಿ ಕೂತಿದ್ದಳು. ಕೆಳಗೆ ಚಹದ ಅಂಗಡಿ ನಡೆಸುವ ಹೆಂಗಸಿನ ತಾಯಿ, ಹೆಸರು ಯಲ್ಲವ್ವ, ಊರು ಹೂಲಿ. ಎರಡೂ ಕಣ್ಣಿಗೆ ಪೊರೆ ಬಂದಿತ್ತು.

"ಈಕಿ ಸವದತ್ತಿ ಕ್ಯಾಂಪಿಗೆ ಹೋಗಿ ಹೊಳ್ಳಿ ಬಂದಾಳ. ಲಿಸ್ಟಿನ್ಯಾಗ ಹೆಸರ ಇಲ್ಲಂತ. ಆ ಲಿಸ್ಟ್ ನೀ ಮಾಡಿದ್ದಲ್ಲೇನ?" ಎಂದರು ಅಕ್ಕೋರು.

ಹೌದೆಂದೆ. ಅಜ್ಜಿ ನನ್ನ ದನಿ ಬಂದ ಕಡೆ ಮುಖ ತಿರುಗಿಸಿದಳು. "ಹೂಲಿ ಯಲ್ಲವ್ವಂದು ಆಪರೇಷನ್ ಆಗೇತಿ, ನೀ ಮತ್ಯಾಕ ಬಂದಿ ಅಂದ್ರವ್ವಾ. ಆಕಿ ಬ್ಯಾರೆ, ನಾ ಬ್ಯಾರೆ. ನಾ ಇನ್ನಾ ಸತ್ತಿಲ್ಲಲಾ, ಹೆಸರ್ಯಾಕ ತಗದ್ರಿ?"

ತಪ್ಪು ಎಲ್ಲಿ ಆಗಿದೆ ಎಂದು ಆಗಲೇ ಹೊಳೆಯಿತು. ಸವದತ್ತಿಯ ಗುಡ್ಡದ ಎಲ್ಲಮ್ಮನ ಆಸುಪಾಸಿನ ಹಳ್ಳಿಗಳಲ್ಲಿ ಓಣಿಗೆ ನಾಲ್ಕು ಜನ ಯಲ್ಲವ್ವ ಇರುತ್ತಾರೆ. ಯಾವ ಮುದುಕಿಗೂ ತನ್ನ ವಯಸ್ಸು ಗೊತ್ತಿಲ್ಲ, ಬರೆದುಕೊಳ್ಳುವವರು ಅಂದಾಜಿಗೆ ಅರವತ್ತೈದು ಎಂದು ಗೀಚುತ್ತಾರೆ. ಫೋನ್ ನಂಬರು ಕೇಳಿದರೆ ಊರವರೆಲ್ಲ ಅಲ್ಲಿನ ಒಬ್ಬ ಕಿರಾಣಿ ಅಂಗಡಿಯವನದನ್ನೇ ಕೊಡುತ್ತಾರೆ. ಇವರನ್ನು ಬೇರೆ ಬೇರೆ ಮಾಡಬಹುದಾಗಿದ್ದ ಒಂದೇ ಒಂದು ಕಾಲಂ ಗಂಡನ ಹೆಸರಿನದು. ಅದು ಖಾಲಿ, ಏಕೆಂದರೆ ನಮ್ಮ ಅಜ್ಜಿಯರು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ. ಖಾಲಿ ಕಾಲಮ್ಮನ್ನು ನನ್ನ ಪ್ರೋಗ್ರಾಂ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ದೂರದ ಊರಿನವರು ಈ ತಪ್ಪು ಮಾಡಿದ್ದರೆ ನಾನೇ ಆಡಿಕೊಂಡು ನಗುತ್ತಿದ್ದೆ. ನನ್ನ ಸ್ವಂತ ಅಜ್ಜಿಯ ಹೆಸರು ಯಲ್ಲವ್ವ. ಅವಳು ಅಜ್ಜನ ಹೆಸರು ಹೇಳಿದ್ದನ್ನು ನಾನು ಒಂದು ದಿನವೂ ಕೇಳಿಲ್ಲ.

"ಈಗ ಹೇಳಿದ್ರ ನನ್ನ ಕೆಲಸ ಹೋಗತೈತ್ರೀ ಅಕ್ಕೋರ. ಮುಂದಿನ ತಿಂಗಳ ಕಾಯಂ ಮಾಡೂದೈತಿ," ಎಂದೆ.

"ಹೋದ್ರ ಇನ್ನೊಂದ ಹುಡಕೂಣು. ಈಕೀಗೆ ಇನ್ನೊಂದ ಜೋಡ ಕಣ್ಣ ಎಲ್ಲಿಂದ ತರ್ತಿ?"

ಆ ಭಾನುವಾರ ಇಬ್ಬರೂ ಸವದತ್ತಿಗೆ ಹೋಗಿ, ಅಲ್ಲಿಂದ ಹೂಲಿಯ ಬಸ್ಸು ಹತ್ತಿದೆವು. ಅಳಿಸಿಹೋದ ಯಲ್ಲವ್ವಂದಿರನ್ನು ಮನೆಮನೆಗೆ ಹೋಗಿ ಹುಡುಕಿದೆವು. ಊರಿನವರಿಗೆ ಅವರನ್ನು ಗುರುತಿಸಲು ಯಾವ ಕಷ್ಟವೂ ಇರಲಿಲ್ಲ. ಬಾವಿಕಟ್ಟಿ ಯಲ್ಲವ್ವ, ಎಮ್ಮಿ ಯಲ್ಲವ್ವ, ಮುರಗೋಡದಿಂದ ಸೊಸೆಯಾಗಿ ಬಂದ ಮುರಗೋಡ ಯಲ್ಲವ್ವ. ಗಂಡನ ಹೆಸರು ಕೇಳಿದರೆ ಮಾತ್ರ ಸೆರಗು ಬಾಯಿಗೆ ಅಡ್ಡ ಬರುತ್ತಿತ್ತು. "ನೀವ ಹೇಳಬ್ಯಾಡ್ರಿ, ಬಾಜೂ ಮನಿಯಾಕಿ ಹೇಳ್ತಾಳ" ಎಂದು ಅಕ್ಕೋರು ಪಕ್ಕದವಳ ಬಾಯಿಂದ ಹೇಳಿಸಿದರು. ಬಾವಿಕಟ್ಟಿ ಯಲ್ಲವ್ವ ಮಾತ್ರ ಎದ್ದು ನಿಂತು, ಮದುವೆಯಲ್ಲಿ ಗಂಡನ ಹೆಸರು ಹೆಣೆದು ಹೇಳುವ ಹಾಗೆ ಒಡಪು ಕಟ್ಟಿಯೇ ಹೇಳಿದಳು: "ಗುಡ್ಡದ ಮ್ಯಾಲ ಮೂಡ್ಯಾನ ಹುಣ್ಣಿವಿ ಚಂದಪ್ಪ, ಕಣ್ಣ ಮಂಜಾದ್ರೂ ಕಾಣತಾನ ನನ್ನ ನಿಂಗಪ್ಪ." ಅಕ್ಕೋರು ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ನಗಲು ಆಗಲಿಲ್ಲ. ಸಂಜೆಯ ಹೊತ್ತಿಗೆ ಒಂದು ಊರಿನಲ್ಲೇ ಹನ್ನೊಂದು ಜನ ಯಲ್ಲವ್ವಂದಿರು ಸಿಕ್ಕಿದ್ದರು. ನನ್ನ ಪಟ್ಟಿಯಲ್ಲಿ ಇದ್ದದ್ದು ಒಬ್ಬಳು. ಉಳಿದ ಹಳ್ಳಿಗಳ ಗತಿ ಏನಾಗಿರಬಹುದೆಂದು ಲೆಕ್ಕ ಹಾಕಲು ಧೈರ್ಯವಾಗಲಿಲ್ಲ.

ಸೋಮವಾರ ಮ್ಯಾನೇಜರಿಗೆ ಹೇಳಿದೆ. ಅವರು ಬಾಗಿಲು ಹಾಕಿ ಬಂದರು. "ನೋಡ್ರಿ, ಕೆಲಸ ಒಪ್ಪಿಸಿ ಆಗೇತಿ. ಅವರಿಗೆ ಗೊತ್ತಾಗಿಲ್ಲ. ನೀವ ಯಾಕ ಗೊತ್ತ ಮಾಡಸ್ತೀರಿ? ಕಾಯಂ ಆಗೂ ಹೊತ್ತಿನ್ಯಾಗ ಶಾಣ್ಯಾ ಆಗ್ರಿ." ಮುಂದಿನ ಸಲ ಪಟ್ಟಿ ಮಾಡುವಾಗ ಸರಿಪಡಿಸಿದರಾಯಿತು ಎಂದರು. ಮುಂದಿನ ಸಲ ಎಂದರೆ ಮುಂದಿನ ವರ್ಷ.

ಸಂಜೆ ಕ್ಲಾಸಿಗೆ ಬಂದು ಅಕ್ಕೋರ ಕಂಪ್ಯೂಟರಿನ ಮುಂದೆ ಕೂತು ಆಸ್ಪತ್ರೆಗೆ ನೇರವಾಗಿ ಮೇಲ್ ಬರೆಯಲು ಹೊರಟೆ. ಮ್ಯಾನೇಜರಿಗೂ ಒಂದು ಪ್ರತಿ. ಇಂಗ್ಲಿಷಿನಲ್ಲಿ ಎರಡು ಸಾಲು ಬರೆದು ಅಳಿಸಿದೆ, ಮತ್ತೆ ಬರೆದು ಅಳಿಸಿದೆ. "ಅವರೇನ ವಿಲಾಯತಿಯವರ? ಕನ್ನಡದಾಗ ಬರಿ. ತಪ್ಪ ಒಪ್ಪಗೊಳ್ಳಾಕ ಪರಭಾಷಾ ಯಾಕ ಬೇಕು?" ಎಂದರು ಅಕ್ಕೋರು. ಕನ್ನಡದಲ್ಲೇ ಬರೆದೆ. ತಪ್ಪು ಎಲ್ಲಿ ಹುಟ್ಟಿತು, ಹೇಗೆ ಹುಟ್ಟಿತು, ಯಾವ ಯಾವ ಊರಿನ ಪಟ್ಟಿ ಮತ್ತೆ ನೋಡಬೇಕು, ಎಲ್ಲ. ಕೆಳಗೆ ನನ್ನ ಪೂರ್ತಿ ಹೆಸರು ಹಾಕಿದೆ. ಕಳಿಸುವ ಬಟನ್ ಒತ್ತಿದೆ.

ಮರುದಿನ ಬೆಳಿಗ್ಗೆಯೇ ಮ್ಯಾನೇಜರು ಗುರುತಿನ ಕಾರ್ಡು ಇಸಿದುಕೊಂಡರು. ಆಸ್ಪತ್ರೆಯಿಂದ ಒಂದೇ ಸಾಲಿನ ಉತ್ತರ ಬಂತು, ಸರಿಪಡಿಸುತ್ತೇವೆ ಎಂದು. ಸರಿಪಡಿಸಿದರು ಕೂಡ. ಚಹದಂಗಡಿಯ ಅಜ್ಜಿಗೆ ಆಪರೇಷನ್ ಆಯಿತು. ಮಗಳ ಅಂಗಡಿಯಲ್ಲಿ ಕೂತು, ಗ್ಲಾಸು ಸರಿಯಾಗಿ ತೊಳೆದಿಲ್ಲ ಎಂದು ಅವಳನ್ನೇ ಬೈಯುವಷ್ಟು ಕಣ್ಣು ಚುರುಕಾಯಿತು.

ನಾನು ಮಾತ್ರ ಏಳು ತಿಂಗಳು ಗಿರಣಿಯಲ್ಲಿ ಹಿಟ್ಟು ಜರಡಿ ಹಿಡಿದೆ. ಆಡುವವರು ಆಡಿದರು. ಕೊನೆಗೆ ಇನ್ನೊಂದು ಕಂಪನಿಯ ಸಂದರ್ಶನ, ಅದೂ ಅಕ್ಕೋರ ಕ್ಲಾಸಿನಿಂದಲೇ, ವಿಡಿಯೋ ಕಾಲಿನಲ್ಲಿ. ಮೊದಲ ಕೆಲಸ ಏಕೆ ಬಿಟ್ಟಿರಿ ಎಂದು ಕೇಳಿಯೇ ಕೇಳುತ್ತಾರೆ, ಏನಾದರೊಂದು ನೆಪ ಹೇಳಲೇ ಎಂದೆ. "ಅವರ ಕೇಳೂ ಮೊದಲ ನೀನ ಹೇಳು. ಬ್ಯಾಡಂದ್ರ ಅಂಥವರ ಕೆಲಸ ನಮಗೂ ಬ್ಯಾಡ," ಎಂದರು. ಮುರುಕು ಇಂಗ್ಲಿಷಿನಲ್ಲಿ ಹನ್ನೊಂದು ಜನ ಯಲ್ಲವ್ವಂದಿರ ಕಥೆ ಹೇಳಿದೆ. ಆ ಕಡೆಯ ಹೆಂಗಸು ಕೇಳಿದ್ದು ಒಂದೇ ಪ್ರಶ್ನೆ: ಈಗ ಬರೆಯುವುದಾದರೆ ಹೇಗೆ ಬರೆಯುತ್ತೀರಿ? ಪ್ರೋಗ್ರಾಂ ತಾನಾಗಿ ಯಾರನ್ನೂ ಅಳಿಸುವುದಿಲ್ಲ, ಅನುಮಾನ ಬಂದ ಹೆಸರನ್ನು ಪಕ್ಕಕ್ಕಿಟ್ಟು ಆ ಊರು ಬಲ್ಲವರನ್ನು ಕೇಳುತ್ತದೆ ಎಂದೆ. ಅದೇ ಕಂಪನಿಯಲ್ಲಿ ಇವತ್ತಿಗೂ ಇದ್ದೇನೆ. ನನ್ನ ಕೈಕೆಳಗೆ ಆರು ಜನ. ಬೆಂಗಳೂರಿಗೆ ಬನ್ನಿ ಎಂದು ಮೂರು ಸಲ ಕರೆದರು. ಇಲ್ಲಿಂದಲೇ ಮಾಡುತ್ತೇನೆ, ಬೇಕಾದರೆ ಇಟ್ಟುಕೊಳ್ಳಿ ಎಂದೆ. ಇಟ್ಟುಕೊಂಡಿದ್ದಾರೆ.

ಅಕ್ಕೋರು ಹೋದ ವರ್ಷ ತೀರಿಕೊಂಡರು. ರಾಮದುರ್ಗಕ್ಕೆ ತಮ್ಮನ ಮನೆಗೆ ಹೋದವರು, ಎದೆನೋವೆಂದು ಮಲಗಿ, ಮತ್ತೆ ಏಳಲಿಲ್ಲ. ಸುದ್ದಿ ಬಂದ ಕೂಡಲೇ ಹೋದೆ. ಅಂಗಳದಲ್ಲಿ ಕೂತ ಹೆಂಗಸರಲ್ಲಿ ಒಬ್ಬಾಕೆ, "ಪಾಪ, ಗಂಡಿಲ್ಲ, ಮಕ್ಕಳಿಲ್ಲ. ಹಿಂದ ಯಾರೂ ಉಳೀಲಿಲ್ಲ" ಎಂದಳು. ಮತ್ತೊಬ್ಬಳು ಹೌದು ಹೌದು ಎಂದು ಮೂಗು ಒರೆಸಿಕೊಂಡಳು. ನಾನು ಅಳುತ್ತಿದ್ದವಳು ಅಲ್ಲಿಗೇ ನಿಲ್ಲಿಸಿದೆ. ಮೈಯೆಲ್ಲ ಉರಿದುಹೋಯಿತು.

ಹೆಣ ಎತ್ತಿದಾಗ ಗಂಡಸರ ಹಿಂದೆ ನಾನೂ ಹೊರಟೆ. ಅಕ್ಕೋರ ತಮ್ಮನ ಮಗ ಓಡಿಬಂದು ಅಡ್ಡ ನಿಂತ.

"ಹೆಣ್ಣಮಕ್ಕಳು ಮಣ್ಣಿಗೆ ಬರೂದಿಲ್ರಿ. ನೀವು ಅತ್ಯಾಗ ಏನಾಗಬೇಕ್ರಿ?"

"ಅವರ ಕೈಯಾಗ ಕಲ್ತಾಕಿ," ಎಂದೆ. ಅಂಗಳದ ತನಕ ಕೇಳಲೆಂದು ಗಟ್ಟಿಯಾಗಿ ಹೇಳಿದೆ. "ಅವರ ಹಿಂದ ಯಾರೂ ಇಲ್ಲ ಅಂತ ಯಾರೂ ಅನಬ್ಯಾಡ್ರಿ. ನಾ ಇದ್ದೇನಿ. ನನ್ನ ಬಿಟ್ಟ ಎಣಿಸಬ್ಯಾಡ್ರಿ."

ಅವನು ಹಿರಿಯರ ಮುಖ ನೋಡಿದ. ನಾನು ಅವನ ಪಕ್ಕದಿಂದ ಹಾದು ಮುಂದೆ ನಡೆದೆ, ಕುಣಿಯ ಅಂಚಿಗೆ ಬಂದಾಗ ಬಗ್ಗಿ ಎರಡೂ ಕೈಯಲ್ಲಿ ಮಣ್ಣು ತುಂಬಿಕೊಂಡೆ.