ಕಣದಲ್ಲಿ ನಿಂತು ಕಳಿಸಿದ ಲೇಖನ

ನಮ್ಮ ಮೇಡಂ ಬಲಗೈ ಹೆಬ್ಬೆರಳ ಉಗುರು ಸದಾ ಕಪ್ಪು. ಕೈಯಲ್ಲಿ ಚಾಕುವಿದ್ದರೂ ಕಾಳುಮೆಣಸಿನ ಬಳ್ಳಿಯ ಬೇರನ್ನು ಉಗುರಿನಿಂದಲೇ ಕೆರೆದು ಮೂಸುತ್ತಿದ್ದರು. ಪೊನ್ನಂಪೇಟೆಯ ಕಾಲೇಜಿನಲ್ಲಿ ಅವರ ಕೈಕೆಳಗೆ ಸಂಶೋಧನೆಗೆ ಸೇರಿದ ದಿನವೇ ನನ್ನ ಮೂಗಿಗೂ ಒಂದು ಬೇರು ಹಿಡಿದು, "ಮೂಸಮ್ಮಾ, ಕೊಳೆತದ್ದು ಮೊದಲು ಮೂಗಿಗೇ ಗೊತ್ತಾಗುದು" ಎಂದರು. ನಾನು ಸೀನಿದ್ದನ್ನು ಹೇಳಿಕೊಂಡು ವರ್ಷವಿಡೀ ನಕ್ಕರು.

ಬೇರು ಕೊಳೆತು ಬಳ್ಳಿ ಹಳದಿಯಾಗುವ ಸೊರಗು ರೋಗದ ಮೇಲಿನ ಅವರ ದೊಡ್ಡ ಕೆಲಸ ನಡೆದದ್ದು ಅಮ್ಮತ್ತಿಯ ಬೆಳೆಗಾರರೊಬ್ಬರ ತೋಟದಲ್ಲಿ. ಅಲ್ಲಿ ಕಾಫಿ ಒಣಗಿಸುವ ಕಣದಲ್ಲಿ ಮಾತ್ರ ಸಿಗ್ನಲ್. ಪ್ರಮೋಷನ್ನಿಗೆ ಹೆಸರುವಾಸಿ ವಿದೇಶಿ ಪತ್ರಿಕೆಯಲ್ಲಿ ಲೇಖನ ಬರಲೇಬೇಕಿತ್ತು. ಕಾಫಿ ಹಣ್ಣು ಕೀಳುವ ಪಿಕ್ಕಿಂಗಿನ ಗದ್ದಲದಲ್ಲಿ ಕಣದಲ್ಲೇ ನಿಂತು, ಲೇಖನದ ಹಕ್ಕನ್ನೆಲ್ಲ ಪತ್ರಿಕೆಗೆ ಬಿಟ್ಟುಕೊಡುವ ಕರಾರನ್ನು ಓದದೆ ಫೋನಿನಲ್ಲಿ 'ಒಪ್ಪಿದೆ' ಒತ್ತಿಬಿಟ್ಟರು. ಬೆಳೆಗಾರರು ಸಂತೋಷಕ್ಕೆ ಎಲ್ಲರಿಗೂ ಕಾಫಿ ತರಿಸಿದರು.

ಮುಂದಿನ ಮಳೆಗಾಲದಲ್ಲಿ ಅವರ ಬಳ್ಳಿಗಳು ಮತ್ತೆ ಹಳದಿಯಾದವು. ಪ್ರಕಟವಾಗಿದ್ದ ಲೇಖನ ಹುಡುಕಿದರೆ, ಪತ್ರಿಕೆಯ ವೆಬ್‌ಸೈಟ್ ಡಾಲರ್ ಕಟ್ಟಿ ಓದಿ ಎಂದಿತು. ನೇರ ಮೇಡಂ ಬಳಿ ಬಂದರು.

"ಎಂತ ಮೇಡಂ ಇದು? ನನ್ನ ತೋಟದ ವಿಷಯ ನನಗೇ ಓದ್ಲಿಕ್ಕೆ ಆಗುದಿಲ್ವಾ?"

"ನನಗೇ ಓಪನ್ ಆಗುದಿಲ್ಲ ಮಾರಾಯ್ರೆ."

ಪತ್ರಿಕೆಗೆ ಕಳಿಸಿದ ಪ್ರತಿ ಮೇಡಂ ಕಂಪ್ಯೂಟರಿನಲ್ಲಿತ್ತು. "ಕೊಟ್ಟುಬಿಡಿ ಮೇಡಂ, ಯಾರು ನೋಡ್ತಾರೆ?" ಎಂದೆ. "ಒಪ್ಪಿ ಆಯ್ತಲ್ಲ" ಎಂಬ ಒಂದೇ ಮಾತು. ಆ ಹಟಕ್ಕೆ ನನ್ನ ಮೈ ಉರಿಯಿತು. ಅವರು ಮಾತ್ರ ಬೆಳೆಗಾರರ ಜೊತೆ ಹೊರಟು, ಬಳ್ಳಿಯಿಂದ ಬಳ್ಳಿಗೆ ನಡೆದು, ಏನು ಮಾಡಬೇಕೆಂಬುದನ್ನೆಲ್ಲ ಬಾಯಲ್ಲೇ ಹೇಳಿದರು. "ಬರೆದದ್ದು ಅವರದ್ದು, ಕಂಡದ್ದು ನಂದು" ಎಂದರು.

ಬಾಯಲ್ಲಿ ಹೇಳಿದ್ದು ಎಷ್ಟು ದಿನ ನೆನಪಿರುತ್ತದೆ? ಪ್ರತಿ ಮಳೆಗಾಲದ ಮೊದಲು ಮತ್ತೆ ಹೋಗಬೇಕಾಯಿತು. ಅಕ್ಕಪಕ್ಕದ ತೋಟದವರೂ ಕರೆದರು. ಉಬ್ಬಸ ಶುರುವಾದ ಮೇಲೂ ತಪ್ಪಿಸಲಿಲ್ಲ. ಒಮ್ಮೆ ತೋಟದ ಏರುದಾರಿಯಲ್ಲಿ ಕೂತು ಏದುಸಿರು ಬಿಡುತ್ತಾ, "ಒಂದು ಸಲ ಒತ್ತಿದ್ದಕ್ಕೆ ಹೇಗೆ ಸಿಕ್ಕಿಬಿದ್ದೆ ನೋಡು. ನೀನು ಓದಿ ಒತ್ತಮ್ಮಾ" ಎಂದರು.

ಹೋದ ಮಳೆಗಾಲ ಮುಗಿದ ಮೇಲೆ ಮೇಡಂ ತೀರಿಕೊಂಡರು. ಆಗ ನನ್ನ ಮೊದಲ ಲೇಖನ ಸಿದ್ಧವಾಗಿತ್ತು. ದೊಡ್ಡ ಪತ್ರಿಕೆಗೆ ಕಳಿಸದಿದ್ದರೆ ಕೆಲಸ ಸಿಗುವುದಿಲ್ಲ ಎಂದು ಎಲ್ಲರೂ ಹೆದರಿಸಿದರು. ಹೆದರಿದ್ದೂ ನಿಜ. ಆದರೂ ಓದುವವರಿಂದಲೂ ಬರೆದವರಿಂದಲೂ ಹಣ ಕೇಳದ ಸಣ್ಣ ಪತ್ರಿಕೆಯೊಂದಕ್ಕೆ ಕೊಟ್ಟೆ. ಕೆಲಸ ಇನ್ನೂ ಸಿಕ್ಕಿಲ್ಲ.

ಪ್ರಕಟವಾದ ದಿನ ಅಮ್ಮತ್ತಿಗೆ ಲಿಂಕ್ ಕಳಿಸಿದೆ. ಸಂಜೆ ಬೆಳೆಗಾರರ ಫೋನ್ ಬಂತು.

"ನಿಮ್ಮದು ಓಪನ್ ಆಯ್ತು, ಓದಿದೆ. ಮೇಡಂದು ಯಾವಾಗ ಓಪನ್ ಆಗ್ತದೆ? ಮಳೆ ಬರ್ತಾ ಉಂಟು. ಹೇಳ್ಲಿಕ್ಕೆ ಈ ಸಲ ಅವರಿಲ್ಲ."